ದಿಂಬಿನ ಚೀಲ

ಮೊದಲೆರಡು ರಾತ್ರಿ ದೇವಬಾಗದಲ್ಲಿ.
ಗಾಜಿನಾಚೆ ಕಡಲು, ಈಚೆ ಏಸಿ,
ಹಾಸಿಗೆಯ ಮೇಲೆ ಟವೆಲ್ ಮಡಿಸಿ ಮಾಡಿದ ಹಂಸ.
ಎಳನೀರಿಗೆ ಇನ್ನೂರೆಂಬತ್ತು!
ಇವರು ಡೈರಿ ತೆಗೆದು ಅಂಕ ಹಾಕಿದರು,
ಮೂವತ್ತು ವರ್ಷ ಗಣಿತದ ಪೇಪರು ತಿದ್ದಿದ ಕೈ:
ನೋಟಕ್ಕೆ ಒಂಬತ್ತು, ಚಹಾಕ್ಕೆ ನಾಲ್ಕು,
ಶುಚಿತ್ವಕ್ಕೆ ಏಳೂವರೆ.

ಆಮೇಲೆರಡು ರಾತ್ರಿ ಬೇಲೇಕೇರಿಯ ಕಡೆ.
ಇಲ್ಲಿ ಟವೆಲ್ಲು ಆನೆ.
ಬಂಗಡೆ ಬಾಲದ ಸಮೇತ ಬಂತು,
ಅದಕ್ಕೊಂದು ಅಂಕ ಹೆಚ್ಚು.
ಈಜುಕೊಳ ಇನ್ನೂ ಉದ್ದ; ಅದರಲ್ಲಿ ನಿಂತು
ಜನ ಕಡಲಿನ ಫೋಟೊ ತೆಗೆಯುತ್ತಿದ್ದರು.
ಮೇ ತಿಂಗಳ ಸೆಕೆ ಮಾತ್ರ
ಎರಡೂ ಕಡೆ ಬಿಟ್ಟಿ.
"ಹಾಸಿಗೆ ನೋಡು, ಅಲ್ಲಿಗೂ ಇಲ್ಲಿಗೂ
ಅಜಗಜಾಂತರ," ಅಂದರು.
ಶುಚಿತ್ವಕ್ಕೆ ಒಂಬತ್ತು.

ಕೊನೆಯ ರಾತ್ರಿ
ದಿಂಬಿನ ಮೂಲೆಯಲ್ಲಿ ಏನೋ ಚುಚ್ಚಿತು.
ಚೀಲದೊಳಗೆ ಕೈಹಾಕಿ ಎಳೆದರೆ
ನನ್ನದೇ ಹೇರ್‌ಪಿನ್ನು.
ನಾದಿನಿಯರದರ ಜೊತೆ ಕಲೆಯದಿರಲೆಂದು
ತುದಿಗೆ ಕೆಂಪು ನೇಲ್‌ಪಾಲಿಶ್ ಹಚ್ಚಿದ್ದು,
ದೇವಬಾಗದಲ್ಲಿ ಮೊದಲ ದಿನವೇ ಕಳೆದದ್ದು.

ರೂಮಿನ ಹುಡುಗ ದತ್ತಾರಾಮ ನಕ್ಕ:
"ಎರಡೂ ಹೋಟೆಲಿನ ಬಟ್ಟೆ
ಒಂದೇ ಕಡೆ ಒಗೆಯೋದು ಮೇಡಂ, ಕೋಡಿಬಾಗದಲ್ಲಿ.
ನಮ್ಮ ಆಯಿ ಅಲ್ಲೇ ಇಸ್ತ್ರಿಗೆ ನಿಲ್ತಾಳೆ."

ಇವರು ಡೈರಿ ತೆರೆದರು.
ಏಳೂವರೆ. ಒಂಬತ್ತು.
ರಬ್ಬರು ಹುಡುಕಿದರು, ಸಿಗಲಿಲ್ಲ.

ನಾನು ದೀಪದಡಿ ಪಿನ್ನು ಹಿಡಿದು ನೋಡಿದೆ.
ಕೆಂಪು ಕರಗಿ ಕಂದಾಗಿತ್ತು,
ಕಾದ ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು
ಯಾರೋ ಒಂದು ಗಳಿಗೆ
ಸೊಂಟ ನೆಟ್ಟಗೆ ಮಾಡಿಕೊಂಡ ಹಾಗೆ.