ಹುಬ್ಬಿನ ಏಣು

ಚಳ್ಳಕೆರೆ ಕಾಲೇಜಿನ ಲ್ಯಾಬಿನಲ್ಲಿ
ಇಪ್ಪತ್ತಾರು ವರ್ಷ ಅಟೆಂಡರಾಗಿದ್ದ ಕಾಟಯ್ಯ
ನೆಲಗಪ್ಪೆ ಕೈಗೆ ಬಂದರೆ ಪುಸ್ತಕ ತೆರೆದವನಲ್ಲ.
ಎರಡು ಕಣ್ಣಿನ ನಡುವೆ ಹೆಬ್ಬೆರಳಾಡಿಸಿ
"ಇದು ಹುಬ್ಬಿಂದು" ಅನ್ನುತ್ತಿದ್ದ,
"ಇದು ಬೋಳು."

ಹುಬ್ಬಿನದಕ್ಕೆ ಕಣ್ಣ ಸುತ್ತ ಕಪ್ಪು ಏಣು,
ಹಚ್ಚಿದ ಕಾಡಿಗೆ ಒಣಗಿ ಗಟ್ಟಿಯಾದ ಹಾಗೆ;
ಮೈತುಂಬ ಗಂಟು, ಗಂಟಿನ ತುದಿಗೆ ಮಸಿಚುಕ್ಕೆ.
ಬಚ್ಚಲ ಮೋರಿ, ಬೀದಿದೀಪ, ಚಪ್ಪಲಿಯ ಗೂಡು,
ನಾವಿದ್ದಲ್ಲಿ ಅದೂ ಇರುತ್ತದೆ,
ಊಟಕ್ಕೆ ಕರೆಯದ ನೆಂಟನಂತೆ.

ಬೋಳಿನದು ಚಿಕ್ಕದು.
ಶೇಂಗಾ ಹೊಲದ ಕೆಮ್ಮಣ್ಣಲ್ಲಿ ಕೂತರೆ
ಮಣ್ಣೇ.
ಮೈ ಒರಟಾದರೂ ಹಣೆ ಮಾತ್ರ
ಉಜ್ಜಿಟ್ಟ ಹುಣಿಸೆಬೀಜ.

ನನಗದು ಮೇಷ್ಟ್ರಿಕೆಯ ಮೊದಲ ವರ್ಷ.
ವರ್ನಿಯರ್ ಹಿಡಿದು ಅಳೆದೆ, ಬರೆದೆ,
ಎರಡು ಸಲ ತಪ್ಪಿದೆ.
ಕಾಟಯ್ಯ ಕಿಟಕಿಯ ಕಡೆ ನೋಡಿದ.

ಕೊಯ್ಯಲು ಹುಬ್ಬಿನದೇ ಬೇಕು:
ಒದ್ದೆ ಗೋಣಿಚೀಲ, ತಲೆಗೆ ನಾಲ್ಕು ರೂಪಾಯಿ.
ತಪ್ಪಿ ಬಂದ ಬೋಳನ್ನು ಹಿತ್ತಲಿಗೆ ಬಿಟ್ಟು
"ಹೋಗವ್ವ, ಪುಸ್ತಕದಾಗೆ ನೀನಿಲ್ಲ."

ಈಗ ಕೊಯ್ಯುವುದು ನಿಂತಿದೆ.
ಮೇಣದ ತಟ್ಟೆಗಳಲ್ಲಿ ಗುಂಡುಸೂಜಿಯ ತೂತು.
ಕಾಟಯ್ಯನ ಕಣ್ಣಿಗೆ ಪೊರೆ.

ಮೊನ್ನೆ, ಮೊದಲ ಮಳೆಯ ರಾತ್ರಿ, ಅವನ ಮನೆಗೆ ಹೋದೆ.
ಕರೆಂಟಿಲ್ಲ. ಹೊಸ್ತಿಲಲ್ಲಿ ಏನೋ ಕುಪ್ಪಳಿಸಿತು.
ಸದ್ದಿನ ಮೇಲೆ ಕೈ ಹಾಕಿ ಹಿಡಿದ,
ಹೆಬ್ಬೆರಳಿಟ್ಟ,
ಯಾವುದೆಂದು ಹೇಳಲಿಲ್ಲ.
ಅಂಗೈಯನ್ನು ಒದ್ದೆ ಮಾಡಿತು ಅದು.
"ಇನ್ನೂ ಹೆದ್ರಿಕೊಂತೈತೆ ನೋಡ್ರಿ ಸಾರ್" ಎಂದ,
ಲುಂಗಿಗೆ ಕೈ ಒರೆಸಿಕೊಳ್ಳುತ್ತ.