ಇಲ್ಲದ ಹಲ್ಲು

ಕಾರವಾರ ರೋಡಿನ ಶೆಡ್ಡಿನ್ಯಾಗ
ಹಳದಿ ಬಂಡಿ ನಿಂತು ಹನ್ನೊಂದು ದಿನ.
ಎರಡೇ ಸೀಟು. ಮ್ಯಾಲೆ ಅರಿವಿ ಚಾವಣಿ.
ಇಪ್ಪತ್ತೈದು ವರ್ಷದ ಹಿಂದ ಗೋವಾದಾಗ ಹುಟ್ಟಿ
ಘಟ್ಟ ಹತ್ತಿ ಬಂದು, ಧಾರವಾಡದ
ಹಲ್ಲಿನ ಡಾಕ್ಟರ ಕೈ ಸೇರಿದ್ದು.

ಅದರ ಹಳೇ ಕಂಪ್ಯೂಟರಿಗೆ ಮರೆವು.
ಕಾದರ ಸಾಕು, ತಾ ಯಾರು ಅನ್ನೂದ ಮರೀತಿತ್ತು,
ನವಲೂರ ದಾಟೂದರಾಗ ಒಮ್ಮೆ,
ಉಣಕಲ್ ಕೆರಿ ಹತ್ರ ಒಮ್ಮೆ.
ಬಿಚ್ಚಿ ನೋಡಿದೆ: ಕೆಪಾಸಿಟರ್ ಸೋರಿ
ಹಸರ ಹಲಗಿ ಮ್ಯಾಲೆ ಬೆಲ್ಲದ ಪಾಕದಂಥ ಕಲೆ.
ಅಂಥಾ ಪೆಟ್ಟಿಗಿ ಈಗ ಯಾವ ಗುಜರಿಯೊಳಗೂ ಇಲ್ಲ.

ಹೊಸಾದು ತರಿಸಿದೆ, ಅಂಗೈಯಗಲ.
ಅದಕ್ಕ ಏನೂ ಗೊತ್ತಿಲ್ಲ.
ಎಂಜಿನ್ ಎಷ್ಟು ದೊಡ್ಡದು, ಕಿಡಿ ಯಾವಾಗ, ಎಷ್ಟು ಹನಿ,
ಎಲ್ಲಾ ನಾನ ಹೇಳಬೇಕು,
ಬಾಲವಾಡಿಗೆ ಬಂದ ಕೂಸಿಗೆ ಹೇಳಿದಂಗ.

ಮೊದಲ ಕ್ರ್ಯಾಂಕಿನ ಮೂತಿಗೆ ಗಾಲಿ ಕೂಡಿಸಿದೆ:
ಮೂವತ್ತಾರು ಹಲ್ಲಿನ ಜಾಗಾ, ಮೂವತ್ತೈದು ಹಲ್ಲು.
ಡಾಕ್ಟರ್ ಮಹಾನಂದಾ ಬಗ್ಗಿ ನೋಡಿದರು.
"ಫಕ್ಕೀರಪ್ಪ, ಇದೊಂದು ಮುರದೈತಲ್ಲ, ಕಟ್ಟಿಸೂದಿಲ್ಲೇನು?"
"ಅದ ಮೇಡಂ ಗುರುತು. ಎಲ್ಲಾ ಇದ್ದರ
ತಿರುಗತೈತಿ ಅನ್ನೂದಷ್ಟ ತಿಳೀತೈತಿ.
ಇಲ್ಲದ್ದೊಂದು ಎದುರು ಬಂದಾಗ
ಎಲ್ಲಿದ್ದೀನಿ ಅನ್ನೂದು."
"ನನ್ನ ದವಾಖಾನಿ ಮುಚ್ಚಿಸ್ತೀ ನೀ" ಅಂದು ನಕ್ಕರು.

ದಾವಲಸಾಬ ನದಾಫ, ನನ್ನ ಉಸ್ತಾದ,
ಮೂಲ್ಯಾಗ ಟೈರಿನ ಮ್ಯಾಲೆ ಕುಂತು ಬಶಿಯೊಳಗ ಚಹಾ ಆರಿಸತಾನ.
ನಲವತ್ತು ವರ್ಷ ಕಾರ್ಬುರೇಟರಿನ ಉಸಿರು ಕೇಳಿದ ಕಿವಿ
ಈಗ ಎರಡೂ ಬಂದ್.
ಅಂವ ಹಲ್ಲಿಲೆ ಕೇಳತಾನ:
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ದವಡಿ ನಡಕ,
ಕಣ್ಣು ಮುಚ್ಚಿ.
ಉಳದ ಹಲ್ಲು ಏಳೋ ಎಂಟೋ. ಅಷ್ಟರಾಗ
ನಾಕು ಸಿಲಿಂಡರೂ ಬ್ಯಾರೆ ಬ್ಯಾರೆ ಕೇಳತಾವಂತ.

ಹನ್ನೆರಡನೇ ದಿನ ಚಾವಿ ತಿರುವಿದೆ.
ಪರದೆಯೊಳಗ ಮುಳ್ಳು ಒಂಬತ್ತು ಸಾವಿರಕ್ಕ ಹಾರಿತು,
ಸೊನ್ನಿಗೆ ಬಿತ್ತು, ಮತ್ತ ಹಾರಿತು.
ಎಂಜಿನ್ ಒಮ್ಮೆ ಸೀನಿ ಸುಮ್ಮನಾತು.
ಸೆನ್ಸರ್ ಬದಲಿಸಿದೆ. ವೈರಿಗೆ ಅಂಗಿ ತೊಡಿಸಿದೆ.
ರಾತ್ರಿ ಹತ್ತಾತು, ಹನ್ನೊಂದಾತು.
ಮುದುಕ ಎದ್ದು ಬಂದು ಬಾನೆಟ್ಟಿಗೆ ಗೆಣ್ಣಿಲೆ ಬಡದ, ಟೊಕ್ ಟೊಕ್.
"ತಗಡಲ್ಲೋ ಇದು, ಫೈಬರ್.
ಇದಕ್ಕ ಅರ್ಥ ಎಲ್ಲಿಂದ ಕೊಟ್ಟೀ?"

ಅರ್ಥ. ವೈರಿಂಗಿನ ಮಂದಿ ಹಂಗ ಅಂತೀವಿ
ಕರೆಂಟು ಮನಿಗೆ ಮರಳೂ ಹಾದಿಗೆ.
ತಗಡಿನ ಬಂಡಿಯೊಳಗ ಎಲ್ಲಿ ಮುಟ್ಟಿದರೂ ಸಿಗತೈತಿ.
ಇದರಾಗ ಒಂದೊಂದಕ್ಕೂ ಕರೀ ವೈರು ಎಳದು
ಎಲ್ಲಾ ತಂದು ಒಂದ ಬೋಲ್ಟಿಗೆ ಕಟ್ಟಬೇಕು.
ನಾ ಬಣ್ಣ ಬಳದ ಬ್ರಾಕೆಟ್ಟಿಗೆ ಬಿಗದಿದ್ದೆ.
ಮಾತು ಭಾಳಿದ್ದವು, ಅರ್ಥ ಇದ್ದಿಲ್ಲ.

ಹಾಲಿನ ಗಾಡಿ ಬರೂ ಹೊತ್ತಿಗೆ ಚಾಲೂ ಆತು.
ಉಸ್ತಾದ ಸ್ಕ್ರೂಡ್ರೈವರ್ ಕಚ್ಚಿ ನಿಂತ,
ಎರಡು ಬೆರಳು ಎತ್ತಿದ: ಎರಡನೇದಕ್ಕ ಹಸಿವು.
ಪರದೆಗೆ ಅದು ಗೊತ್ತಿಲ್ಲ,
ನಾಕೂ ಕೂಡಿ ಬಿಟ್ಟ ಹೊಗಿ ಅಷ್ಟ ಅದಕ್ಕ ಗೊತ್ತು.

ಆಮ್ಯಾಲಿನ ಕೆಲಸ ಹಾದಿ ಮ್ಯಾಲೆ.
ಗಬ್ಬೂರಿನಿಂದ ನರೇಂದ್ರ, ನರೇಂದ್ರದಿಂದ ಗಬ್ಬೂರ.
ಡಾಕ್ಟರು ಸ್ಟೇರಿಂಗಿಗೆ, ನನ್ನ ತೊಡಿ ಮ್ಯಾಲೆ ಲ್ಯಾಪ್‌ಟಾಪು,
ಹದಿನಾರು ಅಡ್ಡ, ಹದಿನಾರು ಉದ್ದ, ಪಗಡಿ ಹಾಸಿನಂಗ ಮನಿ.
ಪೆಡಲ್ ಒತ್ತಿದಂಗ ಕಾಯಿ ಮನಿಯಿಂದ ಮನಿಗೆ ಸರೀತೈತಿ,
ಹಿಂದಿಂದ ನಾ ಹನಿ ತಿದ್ದಕೋತ.
ಮ್ಯಾಲಿನ ಬಲಮೂಲಿ ಮನಿಗೋಳಿಗೆ ನಾವು ಹೋಗಲೇ ಇಲ್ಲ.
ಸಿಮೆಂಟ್ ಲಾರಿ ಅಡ್ಡ ಇದ್ದವು.
ಡಾಕ್ಟರ ಕಾಲೂ ಹೆದರಿತ್ತು, ಯಾಕ ಸುಳ್ಳ ಹೇಳಲಿ.

ಉಳದದ್ದು ಚಳಿ ಕೋಷ್ಟಕ.
ಸೊನ್ನಿಗಿಂತ ಕೆಳಗೂ ಮನಿ ಅದಾವ ಅದರಾಗ.
ನಮ್ಮ ಕಡೆ ಡಿಸೆಂಬರಿನ ನಸುಕೂ ಹದಿಮೂರರ ಹತ್ರ ನಿಲ್ಲತೈತಿ.
ಅಂದಾಜಿನ್ಯಾಗ ಬರದೆ,
ಹುಬ್ಬಳ್ಳಿಗೆ ಎಂದೂ ಬರದ ಚಳಿಗೂ ಒಂದು ಅಂಕಿ.
"ಇಲ್ಲದ್ದಕ್ಕ ಯಾಕ?" ಅಂದ ಉಸ್ತಾದ.
ನಾ ಹೇಳಿದೆ. ಅವನಿಗೆ ಕೇಳಲಿಲ್ಲ,
ಸ್ಕ್ರೂಡ್ರೈವರ್ ಕಿಸೆದಾಗಿತ್ತು.