ತೊಳೆದ ನೀರು

ಮಿಂಚೊ ನದಿಯ ಮಂಜು ಮಾಂಟುವಾದ ಈ ಓಣಿಯವರೆಗೂ ಬಂದಿದೆ.
ಪೆರ್ನಾ ಅಚ್ಚುಮೊಳೆ ಜೋಡಿಸುತ್ತಾಳೆ,
ಬಲದಿಂದ ಓದುವುದನ್ನು ಎಡದಿಂದ.
ಸಾಲಿನ ಕೊನೆಗೆ ಜಾಗ ಉಳಿದರೆ
ಮುಂದಿನ ಪದದ ಮೊದಲಕ್ಷರ ತಂದು ತುಂಬು, ಅಂದಿದ್ದ ಅಪ್ಪ.
ಅರ್ಧ ಮಾತಾಡಿ ಸಾಲು ಸುಮ್ಮನಾಗುತ್ತದೆ,
ಅವನ ಹಾಗೇ.
ಲಾಮೆದ್ ಒಂದೇ ಎಲ್ಲರಿಗಿಂತ ಎತ್ತರ;
ಕುತ್ತಿಗೆ ಮುರಿದವು ಹನ್ನೊಂದು.

ಮುನ್ನೂರು ಹಾಳೆ ಮುಗಿದವು. ಶುಕ್ರವಾರದ ಹೊತ್ತು ಇಳಿಯುತ್ತಿದೆ.
ಪುಟ ಬಿಚ್ಚಬೇಕು, ಬೂದಿನೀರಲ್ಲಿ ಮಸಿ ತೊಳೆಯಬೇಕು.
‘ಇದರಲ್ಲಿ ಅವನ ಹೆಸರಿದೆಯಲ್ಲಪ್ಪಾ,
ಬಿಚ್ಚಿದರೆ ಅಳಿಸಿದ ಹಾಗಲ್ಲವೇ?’
ಅಪ್ಪ ಗಡ್ಡದ ಮಸಿ ಒರೆಸಿಕೊಂಡ, ಅಷ್ಟೆ.

ಯೋದ್ ತನ್ನ ಗೂಡಿಗೆ ಬಿತ್ತು;
ನಾಳಿದ್ದು ಕತ್ತೆಯೊಂದರ ಕಥೆಗೂ ಬೇಕಾದೀತು.
ಕರಿನೀರನ್ನು ಚರಂಡಿಗೆ ಚೆಲ್ಲಲು ಕೈ ಬಾರದೆ
ದಾಳಿಂಬೆಯ ಬುಡಕ್ಕೆ ಸುರಿದಳು.

ಬೂದಿನೀರು.
ಗಿಡ ಉಳಿಯುತ್ತದೋ ಇಲ್ಲವೋ.